ಕ್ರೈಮಿಯಾ ಕಡಲತೀರದ ಅರಮನೆಗಳು ಮತ್ತು ತೋಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು ಸಮುದ್ರದ ದಂಡೆಯಲ್ಲಿ ರಷ್ಯಾದ ಚಕ್ರವರ್ತಿಗಳಾದ ಝಾರ್‌ಗಳು, ರಾಜಕುಮಾರರು, ಶ್ರೀಮಂತ ಜಮೀನ್ದಾರರು ಕಟ್ಟಿಸಿದ ಅರಮನೆಗಳ ಬಗ್ಗೆ ಕೇಳುವವರು ಬಹಳ. ಹೆಚ್ಚಿನವರು ಕಟ್ಟಡಗಳ ಫೋಟೋ ನೋಡಿ ಕೇಳುತ್ತಾರೆ. ನನ್ನ ಮಟ್ಟಿಗೆ ಅಲ್ಲಿಯ ದೊಡ್ಡ ಕೆಲಸ ತೋಟಗಳು, ಆ ತೋಟ ಬೆಳೆಸಿದ ಜನ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಮರಗಿಡಗಳ ಮಾತು ಸ್ವಲ್ಪ ಜಾಸ್ತಿಯೇ ಇದೆ.

ಈ ಕರಾವಳಿ ನಿಖರವಾಗಿ ಎಲ್ಲಿದೆ?

ಕ್ರೈಮಿಯಾ ಎಂಬುದು ಕಪ್ಪು ಸಮುದ್ರದೊಳಗೆ ಚಾಚಿಕೊಂಡ ಪರ್ಯಾಯ ದ್ವೀಪ. ಅದರ ಬಹುಭಾಗ ಒಣ ಬಯಲು. ದಕ್ಷಿಣದ ಅಂಚಿನಲ್ಲಿ ಮಾತ್ರ ಬೆಟ್ಟದ ಸಾಲು ಎದ್ದು ನಿಲ್ಲುತ್ತದೆ. ಆ ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಪಟ್ಟಿಯೇ ನಾವು ಮಾತಾಡುತ್ತಿರುವ ಜಾಗ. ಯಾಲ್ಟಾ ಅದರ ಮುಖ್ಯ ಊರು. ಪೂರ್ವಕ್ಕೆ ಮಸ್ಸಾಂದ್ರಾ, ನಿಕಿತಾ, ಗುರ್ಜುಫ್. ಪಶ್ಚಿಮಕ್ಕೆ ಲಿವಾಡಿಯಾ, ಒರಿಯಾಂದಾ, ಗಾಸ್ಪ್ರಾ, ಕೊರೆಯಿಜ್, ಮಿಸ್ಖೋರ್, ಅಲೂಪ್ಕಾ. ಒಂದು ಎಸ್ಟೇಟಿನ ಬೇಲಿ ಮುಗಿದರೆ ಸ್ವಲ್ಪ ದೂರದಲ್ಲೇ ಇನ್ನೊಂದರ ಬೇಲಿ ಶುರು, ಅಷ್ಟು ಒತ್ತೊತ್ತಾಗಿವೆ.

ಈಗ ಹೋಗಿ ನೋಡಬಹುದಾ?

ಬೇಡ. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಒಪ್ಪಿಲ್ಲ, ಅದರ ಲೆಕ್ಕದಲ್ಲಿ ಅದು ಉಕ್ರೇನಿನ ಭಾಗ. ರಷ್ಯಾದ ಕಡೆಯಿಂದ ಒಳಹೋಗುವುದು ಉಕ್ರೇನಿನ ಕಾನೂನಿನಲ್ಲಿ ಅಕ್ರಮ ಪ್ರವೇಶ. 2022ರ ಫೆಬ್ರವರಿಯಲ್ಲಿ ದೊಡ್ಡ ಯುದ್ಧ ಶುರುವಾದ ಮೇಲೆ ಕ್ರೈಮಿಯಾದ ಸಿಂಫೆರೊಪೊಲ್ ವಿಮಾನ ನಿಲ್ದಾಣದಲ್ಲಿ ನಾಗರಿಕ ವಿಮಾನಗಳೂ ನಿಂತವು. ಡ್ರೋನ್, ಕ್ಷಿಪಣಿ ದಾಳಿಗಳು ಈ ಪರ್ಯಾಯ ದ್ವೀಪದ ಮೇಲೂ ಆಗಿವೆ. ಯಾರಾದರೂ ಏಜೆಂಟ್ ಅಗ್ಗದ ಪ್ಯಾಕೇಜ್ ತೋರಿಸಿದರೆ ಮರುಳಾಗಬೇಡಿ. ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಯುದ್ಧದ ಪ್ರದೇಶಕ್ಕೆ ಅನ್ವಯಿಸುವುದಿಲ್ಲ.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಆದರೂ ಓದಿ ತಿಳಿದುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ ಅಲ್ವಾ?

ಅಷ್ಟೊಂದು ಅರಮನೆಗಳು ಅಲ್ಲೇ ಯಾಕೆ ಬಂದವು?

ಮೊದಲ ಕಾರಣ ಹವೆ. ಆಯ್-ಪೆತ್ರಿ ಎಂಬ ಬೆಟ್ಟದ ತುದಿ 1,234 ಮೀಟರ್ ಎತ್ತರದಲ್ಲಿದೆ, ಅದೂ ಕಡಲಿನಿಂದ ಸ್ವಲ್ಪವೇ ದೂರದಲ್ಲಿ. ಈ ಬೆಟ್ಟದ ಸಾಲು ಉತ್ತರದ ಕೊರೆಯುವ ಗಾಳಿಯನ್ನು ತಡೆಯುತ್ತದೆ. ಕೆಳಗಿನ ಸಮುದ್ರ ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ನಿಧಾನವಾಗಿ ಬಿಡುತ್ತದೆ. ಬೆಟ್ಟದ ಆಚೆ ಹಿಮ ಬಿದ್ದು ಬಯಲೆಲ್ಲ ಬಿಳಿಯಾಗಿರುವಾಗ ಈಚೆ ಲಾರೆಲ್ ಗಿಡಗಳು ಹಸಿರಾಗಿಯೇ ಇರುತ್ತವೆ. ಸೇಂಟ್ ಪೀಟರ್ಸ್‌ಬರ್ಗ್‌ನ ಕತ್ತಲ ಚಳಿಯಲ್ಲಿ ಬೆಳೆದವರಿಗೆ ಇದು ಎಂಥಾ ಆಸೆ ಹುಟ್ಟಿಸಿರಬೇಕು ನೋಡಿ.

ಎರಡನೆಯದು ರಾಜಕೀಯ. 1783ರಲ್ಲಿ ಎರಡನೇ ಕ್ಯಾಥರೀನ್ ಕಾಲದಲ್ಲಿ ಕ್ರೈಮಿಯಾ ರಷ್ಯಾದ ಕೈ ಸೇರಿತು. 1787ರಲ್ಲಿ ರಾಣಿಯೇ ಬಂದು ನೋಡಿದಳು. ಆಮೇಲೆ ಆಪ್ತರಿಗೆ, ಸೇನಾಧಿಕಾರಿಗಳಿಗೆ ಭೂಮಿ ಹಂಚಿಕೆಯಾಯಿತು. ಆದರೆ ದಕ್ಷಿಣ ದಂಡೆಗೆ ಸರಿಯಾದ ರಸ್ತೆಯೇ ಇರಲಿಲ್ಲ, ಕುದುರೆ ಮೇಲೆ ಕಾಲುದಾರಿಯಲ್ಲಿ ಬರಬೇಕಿತ್ತು. 1823ರಲ್ಲಿ ಮಿಖಾಯಿಲ್ ವೊರೊಂತ್ಸೊವ್ ಈ ಪ್ರಾಂತ್ಯದ ಗವರ್ನರ್ ಜನರಲ್ ಆದ. ಸಿಂಫೆರೊಪೊಲ್‌ನಿಂದ ಅಲೂಷ್ತಾಗೆ, ಮುಂದೆ ಯಾಲ್ಟಾಗೆ ಗಾಡಿ ರಸ್ತೆ ಮಾಡಿಸಿದ. ತಾನೇ ಅಲೂಪ್ಕಾದಲ್ಲಿ ಜಾಗ ಕೊಂಡ. ಗವರ್ನರ್ ಮನೆ ಕಟ್ಟಿದಲ್ಲಿ ಉಳಿದವರೂ ಕಟ್ಟುತ್ತಾರೆ.

ಮೂರನೆಯ ಕಾರಣ ಕಾಯಿಲೆ. 19ನೇ ಶತಮಾನದ ಕೊನೆಗೆ ಕ್ಷಯರೋಗಿಗಳಿಗೆ ವೈದ್ಯರು ಯಾಲ್ಟಾದ ಗಾಳಿಯನ್ನೇ ಬರೆದುಕೊಡುತ್ತಿದ್ದರು. ಎರಡನೇ ಅಲೆಕ್ಸಾಂಡರ್‌ನ ಹೆಂಡತಿ ಮರಿಯಾಗೆ ಎದೆಯ ಕಾಯಿಲೆ ಇತ್ತು. ಲಿವಾಡಿಯಾ ರಾಜಮನೆತನಕ್ಕೆ ಬಂದದ್ದು ಹಾಗೆ, 1860ರಲ್ಲಿ.

ಬೇಸಿಗೆ ಅರಮನೆ ಅಂತಾರಲ್ಲ, ಬೇಸಿಗೆಯಲ್ಲೇ ಬರುತ್ತಿದ್ದರಾ?

ಹೆಸರಿಗೆ ಹಾಗೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಬಿಸಿಲು ಜೋರು. ರಾಜಮನೆತನ ಹೆಚ್ಚಾಗಿ ಬರುತ್ತಿದ್ದದ್ದು ವಸಂತದಲ್ಲಿ ಅಥವಾ ಸೆಪ್ಟೆಂಬರ್ ನಂತರ. ದ್ರಾಕ್ಷಿ ಹಣ್ಣಾಗುವ, ಸಮುದ್ರ ಇನ್ನೂ ಬೆಚ್ಚಗಿರುವ ಆ ಶರತ್ಕಾಲವನ್ನು ಅಲ್ಲಿಯವರು ಇಂದಿಗೂ ‘ಮಖಮಲ್ ಋತು’ ಎನ್ನುತ್ತಾರೆ.

ಒಂದೇ ಒಂದು ಅರಮನೆ ಬಗ್ಗೆ ತಿಳಿಯಬೇಕೆಂದರೆ ಯಾವುದು?

ಅಲೂಪ್ಕಾದ ವೊರೊಂತ್ಸೊವ್ ಅರಮನೆ. ಅನುಮಾನವೇ ಬೇಡ.

1828ರಿಂದ 1848ರವರೆಗೆ, ಎರಡು ದಶಕ ಅದರ ಕೆಲಸ ನಡೆಯಿತು. ವೊರೊಂತ್ಸೊವ್‌ನ ಅಪ್ಪ ಲಂಡನ್ನಿನಲ್ಲಿ ರಷ್ಯಾದ ರಾಯಭಾರಿಯಾಗಿದ್ದ. ಮಗ ಬೆಳೆದದ್ದು ಅಲ್ಲೇ. ಹಾಗಾಗಿ ಮನೆಗೆ ನಕ್ಷೆ ಬೇಕಾದಾಗ ಅವನು ಇಂಗ್ಲೆಂಡಿನ ಕಡೆಗೇ ತಿರುಗಿದ. ನಕ್ಷೆ ಬರೆದವನು ಎಡ್ವರ್ಡ್ ಬ್ಲೋರ್, ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಕೆಲಸ ಮಾಡಿದ ವಾಸ್ತುಶಿಲ್ಪಿ. ಆಶ್ಚರ್ಯವೆಂದರೆ ಬ್ಲೋರ್ ಒಂದು ಸಲವೂ ಅಲೂಪ್ಕಾಗೆ ಬರಲಿಲ್ಲ. ಜಾಗದ ಚಿತ್ರ, ಅಳತೆ ನೋಡಿಯೇ ಬರೆದ. ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದವನು ವಿಲಿಯಂ ಹಂಟ್ ಎಂಬ ಇನ್ನೊಬ್ಬ ಇಂಗ್ಲಿಷ್‌ನವನು.

ಉತ್ತರದ ಕಡೆಯಿಂದ ನೋಡಿದರೆ ಇಂಗ್ಲೆಂಡಿನ ಹಳೇ ಕೋಟೆಮನೆ: ಚೌಕ ಗೋಪುರ, ಚೂಪು ಹೊಗೆಗೂಡುಗಳು. ಆ ಹೊಗೆಗೂಡುಗಳ ಹಿಂದೆ ಆಯ್-ಪೆತ್ರಿಯ ಹಲ್ಲುಹಲ್ಲಾದ ತುದಿ ಕಾಣುತ್ತದೆ. ಎರಡರ ಆಕಾರವೂ ಒಂದಕ್ಕೊಂದು ಹೊಂದುತ್ತದೆ. ಅದೇ ಕಟ್ಟಡವನ್ನು ಸುತ್ತಿಕೊಂಡು ಕಡಲಿನ ಕಡೆ ಬನ್ನಿ, ಎಲ್ಲ ಬದಲು. ಎರಡಂತಸ್ತಿನ ಎತ್ತರದ ಕಮಾನು, ಒಳಗೆ ಬಿಳಿ ಗಾರೆಯ ಕುಸುರಿ, ಅರಬ್ಬಿ ಅಕ್ಷರಗಳಲ್ಲಿ ‘ಅಲ್ಲಾಹನ ಹೊರತು ಗೆಲ್ಲುವವನಿಲ್ಲ’ ಎಂಬ ಸಾಲು. ಸ್ಪೇನಿನ ಅಲ್‌ಹಂಬ್ರಾದ ಗೋಡೆಗಳಲ್ಲಿರುವ ಸಾಲೇ ಅದು. ಈ ಕಮಾನಿನಲ್ಲಿ ದಿಲ್ಲಿಯ ಜಾಮಾ ಮಸೀದಿಯ ಛಾಯೆಯನ್ನೂ ಹಲವರು ಗುರುತಿಸಿದ್ದಾರೆ.

ಇಷ್ಟು ಬೇರೆ ಬೇರೆ ಶೈಲಿಗಳನ್ನು ಒಂದೇ ಮನೆಗೆ ತುರುಕಿದರೆ ಕಲಸುಮೇಲೋಗರ ಆಗಬೇಕಿತ್ತು. ಆಗಿಲ್ಲ. ಎರಡೂ ಕಡೆಯ ಗೋಡೆ ಒಂದೇ ಕಲ್ಲಿನದ್ದು, ಅದೇ ಕಾರಣ ಎಂದು ನನಗೆ ಅನಿಸುತ್ತದೆ. ಡಯಾಬೇಸ್ ಎಂಬ ಹಸಿರು ಛಾಯೆಯ ಬೂದು ಕಲ್ಲು, ಅಲ್ಲೇ ಸುತ್ತಮುತ್ತ ಬಿದ್ದಿದ್ದ ಬಂಡೆಗಳಿಂದ ತೆಗೆದದ್ದು. ಬೆಟ್ಟದ ಬಣ್ಣವೇ ಮನೆಯ ಬಣ್ಣ.

ಆ ಸಿಂಹದ ಮೆಟ್ಟಿಲುಗಳ ವಿಶೇಷ ಏನು?

ದಕ್ಷಿಣದ ಕಮಾನಿನಿಂದ ಕಡಲಿನ ಕಡೆ ಇಳಿಯುವ ಅಗಲವಾದ ಮೆಟ್ಟಿಲು. ಎರಡೂ ಪಕ್ಕ ಇಟಲಿಯ ಬಿಳಿ ಅಮೃತಶಿಲೆಯ ಸಿಂಹಗಳು, ಒಟ್ಟು ಮೂರು ಜೊತೆ. ಬೊನಾನ್ನಿ ಎಂಬ ಇಟಲಿಯ ಶಿಲ್ಪಿಯ ಕಾರ್ಯಾಗಾರದಲ್ಲಿ ಕಡೆದವು.

ಕೆಳಗಿಂದ ಮೇಲೆ ಹತ್ತುತ್ತಾ ನೋಡಬೇಕು. ತೀರಾ ಕೆಳಗಿನ ಜೊತೆ ಮುಂಗಾಲಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದೆ. ನಡುವಿನದ್ದು ಈಗಷ್ಟೇ ಎಚ್ಚರಾಗುತ್ತಿದೆ. ಮೇಲಿನದ್ದು ಪೂರ್ತಿ ಎದ್ದು ನಿಂತು ಬಂದವರನ್ನು ನೋಡುತ್ತಿದೆ. ಮನೆ ಹತ್ತಿರವಾದಂತೆ ಕಾವಲು ಬಿಗಿಯಾಗುತ್ತದೆ. ಪ್ರವಾಸಿಗರು ಮೇಲಿನಿಂದ ಇಳಿಯುತ್ತಾ ನೋಡುವುದೇ ಜಾಸ್ತಿ, ಆಗ ಈ ಕ್ರಮ ತಲೆಕೆಳಗಾಗುತ್ತದೆ. ಮಲಗಿದ ಸಿಂಹವೇ ಎಲ್ಲರಿಗೂ ಅಚ್ಚುಮೆಚ್ಚು. ಅದರ ಮಾದರಿ ರೋಮಿನ ಸಂತ ಪೀಟರ್ ಚರ್ಚಿನಲ್ಲಿ ಪೋಪ್ ಒಬ್ಬರ ಸಮಾಧಿಗೆ ಶಿಲ್ಪಿ ಕನೋವಾ ಮಾಡಿದ ಸಿಂಹ.

ಅಲೂಪ್ಕಾ ತೋಟವನ್ನು ಅಷ್ಟು ಹೊಗಳುವುದು ಯಾಕೆ?

ಅರಮನೆಗಿಂತ ಮೊದಲೇ ತೋಟ ಶುರುವಾಗಿತ್ತು, ಅದು ಮೊದಲ ಮಾತು. 1824ರಿಂದ ಕಾರ್ಲ್ ಕೆಬಾಖ್ ಎಂಬ ಜರ್ಮನ್ ತೋಟಗಾರ ಇಲ್ಲಿ ಕೆಲಸಕ್ಕೆ ನಿಂತ. ಸುಮಾರು ಕಾಲು ಶತಮಾನ, ಅಂದರೆ ದುಡಿಯುವ ಬದುಕಿನ ಬಹುಪಾಲು, ಇದೊಂದೇ ತೋಟಕ್ಕೆ ಕೊಟ್ಟ. ಸುಮಾರು 36 ಹೆಕ್ಟೇರ್ ಇಳಿಜಾರು, ಕಲ್ಲು, ಮುಳ್ಳುಪೊದೆ. ಮಣ್ಣು ತೆಳು.

ಕೆಬಾಖ್‌ನ ಜಾಣ್ಮೆ ಗೊತ್ತಾಗುವುದು ‘ದೊಡ್ಡ ಗೊಂದಲ’ ಎಂದು ಕರೆಯುವ ಜಾಗದಲ್ಲಿ. ಭೂಮಿಯೊಳಗೆ ಗಟ್ಟಿಯಾದ ಶಿಲಾರಸ ಮೇಲೆ ಬಂದು, ಒಡೆದು, ರಾಶಿ ರಾಶಿ ಬಂಡೆಗಳಾಗಿ ಬಿದ್ದಿವೆ. ಒಂದೊಂದೂ ಕೋಣೆಯಷ್ಟು ದೊಡ್ಡದು. ಬೇರೆಯವರಾಗಿದ್ದರೆ ಸಿಡಿಮದ್ದಿಟ್ಟು ಸಮ ಮಾಡುತ್ತಿದ್ದರು. ಕೆಬಾಖ್ ಬಂಡೆಗಳನ್ನು ಹಾಗೇ ಬಿಟ್ಟ. ನಡುವೆ ಕಿರುದಾರಿ ಮಾಡಿದ. ಸಂದಿಗಳಲ್ಲಿ ಮಣ್ಣು ತುಂಬಿಸಿ ಪೈನ್ ನೆಟ್ಟ. ಬೆಟ್ಟದ ಊಟೆಗಳ ನೀರನ್ನು ತಿರುಗಿಸಿ ತೊರೆ, ಚಿಕ್ಕ ಜಲಪಾತಗಳನ್ನು ಮಾಡಿದ. ನೋಡಿದವರಿಗೆ ಅದೆಲ್ಲ ತಾನಾಗಿಯೇ ಹುಟ್ಟಿದ್ದು ಅನ್ನಿಸಬೇಕು, ಹಾಗೆ.

ಅಲ್ಲಿಂದ ಸ್ವಲ್ಪ ನಡೆದರೆ ಮೂರು ಕೊಳಗಳು. ‘ಹಂಸ ಕೊಳ’ದ ತಳಕ್ಕೆ ಕೊಕ್ತೆಬೆಲ್ ತೀರದಿಂದ ಬಣ್ಣಬಣ್ಣದ ಕಲ್ಲು ಮೂಟೆಗಟ್ಟಲೆ ತರಿಸಿ ಹಾಕಿಸಿದರಂತೆ, ಬಿಸಿಲು ಬಿದ್ದಾಗ ಹೊಳೆಯಲಿ ಎಂದು. ‘ಕನ್ನಡಿ ಕೊಳ’ದ ನೀರು ಅಲ್ಲಾಡುವುದೇ ಇಲ್ಲ ಎನ್ನಿಸುತ್ತದೆ, ಸುತ್ತಲಿನ ಮರಗಳು ಪೂರ್ತಿ ಅದರಲ್ಲಿ ಕಾಣುತ್ತವೆ. ಮೂರನೆಯದರಲ್ಲಿ ಟ್ರೌಟ್ ಮೀನು ಸಾಕುತ್ತಿದ್ದರು.

ಆಮೇಲೆ ಬಯಲುಗಳು. ಕಾಡಿನ ಕತ್ತಲಲ್ಲಿ ನಡೆದು ಬಂದವರು ತಟ್ಟನೆ ಬೆಳಕಿಗೆ ಬೀಳಬೇಕು ಎಂದೇ ಮಾಡಿದ ಹುಲ್ಲುಬಯಲುಗಳು ಅವು. ಒಂದರಲ್ಲಿ ಚಿನಾರ್ ಮರಗಳು, ಇನ್ನೊಂದರಲ್ಲಿ ಚೆಸ್ಟ್‌ನಟ್. ನಮ್ಮ ಹಿಮಾಲಯದ ದೇವದಾರು ಕೂಡ ಇಲ್ಲಿ ಹಾಯಾಗಿ ಬೆಳೆದು ನಿಂತಿದೆ. ಚಿಲಿ ದೇಶದ ಮುಳ್ಳೆಲೆಯ ಅರೌಕೇರಿಯಾ, ಲೆಬನಾನ್ ಸೀಡರ್, ಅಮೆರಿಕದ ದೊಡ್ಡ ಹೂವಿನ ಮ್ಯಾಗ್ನೋಲಿಯಾ ಎಲ್ಲವೂ ಇವೆ. ಮ್ಯಾಗ್ನೋಲಿಯಾ ಅಂದರೆ ನಮ್ಮ ಸಂಪಿಗೆಯ ಹತ್ತಿರದ ನೆಂಟ. ಜೂನ್‌ನಲ್ಲಿ ಅದು ಅರಳಿದಾಗ ದಾರಿಯೆಲ್ಲ ಘಮ್ ಅನ್ನುತ್ತದೆ. ಅದಕ್ಕೂ ಮೊದಲು, ಏಪ್ರಿಲ್ ಕೊನೆಯಿಂದ ಮೇ ತನಕ, ಅರಮನೆಯ ಗೋಡೆಗೆ ಹಬ್ಬಿದ ವಿಸ್ಟೀರಿಯಾ ಬಳ್ಳಿ ನೇರಳೆ ಗೊಂಚಲು ಬಿಡುತ್ತದೆ. ಬೂದು ಕಲ್ಲಿನ ಮೇಲೆ ಆ ಬಣ್ಣವನ್ನು ನೋಡಬೇಕು.

ಇದನ್ನೆಲ್ಲ ಕೈಯಾರೆ ಕಟ್ಟಿದವರು ಯಾರು?

ಹೆಚ್ಚಿನವರು ಜೀತದಾಳುಗಳು. ರಷ್ಯಾದಲ್ಲಿ ಜೀತ ರದ್ದಾದದ್ದು 1861ರಲ್ಲಿ. ಅಲೂಪ್ಕಾ ಅರಮನೆ ಅದಕ್ಕೂ ಮೊದಲೇ ಮುಗಿದಿತ್ತು. ವೊರೊಂತ್ಸೊವ್ ತನ್ನ ಬೇರೆ ಬೇರೆ ಎಸ್ಟೇಟುಗಳಿಂದ ಆಳುಗಳನ್ನು ಕರೆಸಿದ. ವ್ಲಾದಿಮಿರ್, ಮಾಸ್ಕೋ ಸೀಮೆಯ ಕಲ್ಲುಕುಟಿಗರು ಬಂದರು. ತಲೆಮಾರುಗಳಿಂದ ಚರ್ಚುಗಳಿಗೆ ಬಿಳಿ ಕಲ್ಲು ಕೆತ್ತಿದ ಕೈ ಅವರದು. ಡಯಾಬೇಸ್ ಆ ಮೆದು ಕಲ್ಲಿನಂಥದ್ದಲ್ಲ. ಉಳಿ ಹೊಡೆದರೆ ಜಾರುತ್ತದೆ, ತಪ್ಪು ಪೆಟ್ಟು ಬಿದ್ದರೆ ಚಕ್ಕೆ ಹಾರಿ ಇಡೀ ತುಂಡು ವ್ಯರ್ಥ. ಅಂಥ ಕಲ್ಲಿನಲ್ಲಿ ಅವರು ಚೂಪು ಗೋಪುರ, ಹೂಬಳ್ಳಿ ಕೆತ್ತಿದರು, ಯಂತ್ರವಿಲ್ಲದೆ.

ತೋಟದಲ್ಲಿ ಮಣ್ಣು ಹೊತ್ತವರು, ಗುಂಡಿ ತೋಡಿದವರು, ಮೊದಲ ವರ್ಷಗಳಲ್ಲಿ ಸಸಿಗೆ ನೀರು ಹಾಕಿದವರೂ ಇದ್ದರು. ಮಾರ್ಗದರ್ಶಿ ಪುಸ್ತಕಗಳು ಬ್ಲೋರ್, ಹಂಟ್, ಕೆಬಾಖ್ ಹೆಸರು ಹೇಳಿ ನಿಲ್ಲಿಸುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ. ಕನಿಷ್ಠ ‘ವ್ಲಾದಿಮಿರ್‌ನ ಕಲ್ಲುಕುಟಿಗರು’ ಎಂದಾದರೂ ಹೇಳಬೇಕು.

ಲಿವಾಡಿಯಾ ಅರಮನೆ ಹೇಗಿದೆ?

ಬೆಳ್ಳಗಿದೆ, ಹಗುರವಾಗಿದೆ. ಅಲೂಪ್ಕಾ ಬೆಟ್ಟದಿಂದ ಹುಟ್ಟಿದಂತೆ ಕಂಡರೆ ಇದು ಬಿಸಿಲಿಗೆ ಮುಖ ಮಾಡಿ ಕೂತಂತೆ ಕಾಣುತ್ತದೆ. ಇಟಲಿಯ ಪುನರುಜ್ಜೀವನ ಕಾಲದ ಶೈಲಿ, ನಡುವೆ ಕಂಬಸಾಲಿನ ಅಂಗಳ, ಅಂಗಳದಲ್ಲಿ ಕಾರಂಜಿ. ನಮ್ಮ ತೊಟ್ಟಿಮನೆಯಲ್ಲಿ ಕೂತ ನೆಮ್ಮದಿಯೇ ಆ ಅಂಗಳದಲ್ಲೂ ಇದೆ.

ಇದಕ್ಕೆ ಮೊದಲು ಅಲ್ಲಿ ಹಳೇ ಅರಮನೆಗಳಿದ್ದವು. ಮೂರನೇ ಅಲೆಕ್ಸಾಂಡರ್ ಮೂತ್ರಪಿಂಡದ ಕಾಯಿಲೆಯಿಂದ 1894ರಲ್ಲಿ ತೀರಿಕೊಂಡದ್ದು ಲಿವಾಡಿಯಾದಲ್ಲೇ. ಮಗ ಎರಡನೇ ನಿಕೊಲಾಸ್ ಅಲ್ಲೇ ಝಾರ್ ಆದ. ದೊಡ್ಡ ಅರಮನೆಗೆ ತೇವ ಹಿಡಿದಾಗ ಅದನ್ನು ಕೆಡವಿಸಿ ಹೊಸದು ಕಟ್ಟಿಸಿದ. ವಾಸ್ತುಶಿಲ್ಪಿ ನಿಕೊಲಾಯ್ ಕ್ರಾಸ್ನೋವ್, ಯಾಲ್ಟಾ ಊರಿನ ಮಾಜಿ ನಗರ ವಾಸ್ತುಶಿಲ್ಪಿ. 1910ರ ಏಪ್ರಿಲ್‌ನಲ್ಲಿ ಅಡಿಗಲ್ಲು, 1911ರ ಸೆಪ್ಟೆಂಬರ್‌ನಲ್ಲಿ ಗೃಹಪ್ರವೇಶ. 17 ತಿಂಗಳು! 116 ಕೋಣೆ, ಜೊತೆಗೆ ವಿದ್ಯುತ್ ಮತ್ತು ಲಿಫ್ಟ್.

ನಿಕೊಲಾಸ್ ಕುಟುಂಬ ಆ ಹೊಸ ಮನೆಗೆ ಬಂದದ್ದು 1911, 1912, 1913, 1914ರಲ್ಲಿ ಮಾತ್ರ. ಹಿರಿಮಗಳು ಓಲ್ಗಾಳ 16ನೇ ಹುಟ್ಟುಹಬ್ಬದ ನೃತ್ಯಕೂಟ ಇಲ್ಲೇ ನಡೆಯಿತು. ಆಮೇಲೆ ಮೊದಲ ಮಹಾಯುದ್ಧ, ಕ್ರಾಂತಿ. 1918ರಲ್ಲಿ ಇಡೀ ಕುಟುಂಬವನ್ನು ಯೆಕಾತೆರಿನ್‌ಬರ್ಗ್‌ನಲ್ಲಿ ಕೊಂದರು.

ಲಿವಾಡಿಯಾದಿಂದ ಗಾಸ್ಪ್ರಾ ಕಡೆಗೆ ಸುಮಾರು 7 ಕಿಲೋಮೀಟರ್ ಉದ್ದದ ಕಾಲುದಾರಿ ಇದೆ. ಏರಿಳಿತವೇ ಇಲ್ಲದಂತೆ ಬೆಟ್ಟದ ಸೊಂಟಕ್ಕೆ ಕೊರೆದ ದಾರಿ. ಎದೆಯ ಕಾಯಿಲೆಯವರೂ ಏದುಸಿರಿಲ್ಲದೆ ನಡೆಯಲಿ ಎಂಬ ಆಲೋಚನೆ. ನಿಕೊಲಾಸ್‌ಗೆ ಈ ದಾರಿ ತುಂಬಾ ಇಷ್ಟವಿತ್ತು.

ಯಾಲ್ಟಾ ಸಮ್ಮೇಳನ ನಡೆದದ್ದು ಈ ಅರಮನೆಗಳಲ್ಲೇನಾ?

ಹೌದು. ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕದ ರೂಸ್‌ವೆಲ್ಟ್, ಬ್ರಿಟನ್ನಿನ ಚರ್ಚಿಲ್, ಸೋವಿಯತ್ ಒಕ್ಕೂಟದ ಸ್ಟಾಲಿನ್ ಸೇರಿದ ಸಭೆ ಅದು, 1945ರ ಫೆಬ್ರವರಿ 4ರಿಂದ 11ರವರೆಗೆ. ಸಭೆಗಳು ಲಿವಾಡಿಯಾದ ಬಿಳಿ ಸಭಾಂಗಣದಲ್ಲಿ. ರೂಸ್‌ವೆಲ್ಟ್ ಗಾಲಿಕುರ್ಚಿಯಲ್ಲಿದ್ದುದರಿಂದ ಓಡಾಟ ತಪ್ಪಿಸಲು ಅವರಿಗೆ ಅಲ್ಲೇ ವಾಸ. ಚರ್ಚಿಲ್‌ಗೆ ಅಲೂಪ್ಕಾ. ಸ್ಟಾಲಿನ್ ಕೊರೆಯಿಜ್‌ನ ಯುಸೂಪೊವ್ ಅರಮನೆಯಲ್ಲಿ ಉಳಿದ. ಜರ್ಮನ್ ಸೇನೆ ಎಲ್ಲ ದೋಚಿಕೊಂಡು ಹೋಗಿದ್ದರಿಂದ ಮಂಚ, ಕುರ್ಚಿ, ತಟ್ಟೆ, ಅಡುಗೆಯವರು ಎಲ್ಲವನ್ನೂ ಮಾಸ್ಕೋದ ಹೋಟೆಲುಗಳಿಂದ ರೈಲಿನಲ್ಲಿ ತರಿಸಿದರು.

ಚರ್ಚಿಲ್ ತಾವೇ ಬರೆದುಕೊಂಡ ಒಂದು ಪ್ರಸಂಗವಿದೆ. ಬ್ರಿಟಿಷ್ ವಾಯುಪಡೆಯ ಮುಖ್ಯಸ್ಥ ಪೋರ್ಟಲ್ ಅಲೂಪ್ಕಾದಲ್ಲಿದ್ದ ದೊಡ್ಡ ಗಾಜಿನ ತೊಟ್ಟಿಯನ್ನು ಮೆಚ್ಚಿ, ಮೀನೇ ಇಲ್ಲವಲ್ಲ ಎಂದರಂತೆ. ಎರಡು ದಿನದಲ್ಲಿ ಬಂಗಾರದ ಮೀನುಗಳು ಬಂದವು. ಇನ್ನೊಬ್ಬರು ಪಾನೀಯಕ್ಕೆ ನಿಂಬೆ ಸಿಪ್ಪೆ ಇಲ್ಲ ಎಂದರು. ಮರುದಿನ ಹಜಾರದಲ್ಲಿ ಕಾಯಿ ತುಂಬಿದ ನಿಂಬೆ ಗಿಡವೇ ನಿಂತಿತ್ತು. ಯುದ್ಧದಲ್ಲಿ ನುಚ್ಚುನೂರಾದ ನಾಡಿನಲ್ಲಿ, ಫೆಬ್ರವರಿ ಚಳಿಯಲ್ಲಿ, ಅದನ್ನು ಹೊತ್ತು ತಂದವರ ಪಾಡು ಏನಿತ್ತೋ.

ನಿಕಿತಾ ಸಸ್ಯೋದ್ಯಾನ ಅರಮನೆಯಲ್ಲವಲ್ಲ, ಅದನ್ನೇಕೆ ಸೇರಿಸುತ್ತೀರಿ?

ಅದಿಲ್ಲದೆ ಉಳಿದ ಯಾವ ತೋಟವೂ ಇರುತ್ತಿರಲಿಲ್ಲ. ಕ್ರಿಶ್ಚಿಯನ್ ಸ್ಟೀವನ್ ಎಂಬ ಸಸ್ಯಶಾಸ್ತ್ರಜ್ಞ 1812ರಲ್ಲಿ, ತನ್ನ ಮೂವತ್ತೊಂದನೇ ವಯಸ್ಸಿನಲ್ಲಿ, ಅದನ್ನು ಶುರು ಮಾಡಿದ. ಅದೇ ವರ್ಷ ನೆಪೋಲಿಯನ್ ಮಾಸ್ಕೋಗೆ ನುಗ್ಗಿದ್ದ. ಯಾವ ದೇಶದ ಯಾವ ಗಿಡ ಇಲ್ಲಿ ಬದುಕುತ್ತದೆ, ಯಾವುದು ಸಾಯುತ್ತದೆ ಎಂದು ಪರೀಕ್ಷೆ ಮಾಡಿ, ಬದುಕಿದ್ದನ್ನು ಸಸಿ ಮಾಡಿ ಹಂಚುವುದು ಅದರ ಕೆಲಸ. ಇಂದು ನಾವು ಈ ಕರಾವಳಿಯ ಗುರುತು ಎಂದುಕೊಳ್ಳುವ ಸೈಪ್ರೆಸ್ ಮರ ಕೂಡ ಅಲ್ಲಿಯದಲ್ಲ, ಹೊರಗಿಂದ ತಂದು ನೆಟ್ಟದ್ದು.

ಸ್ಟೀವನ್ ನಂತರ ಬಂದ ನಿಕೊಲಾಯ್ ಗಾರ್ತ್‌ವಿಸ್ ನೆಪೋಲಿಯನ್ ವಿರುದ್ಧ ಹೋರಾಡಿದ ಸೇನಾಧಿಕಾರಿ. ಆತನಿಗೆ ಗುಲಾಬಿಯ ಹುಚ್ಚು. 1820ರ ದಶಕದಲ್ಲಿ ಆತ ಬೆಳೆಸಿದ ‘ಕೌಂಟೆಸ್ ವೊರೊಂತ್ಸೊವಾ’ ತಳಿಯ ಗುಲಾಬಿ ಅಲ್ಲಿ ಇನ್ನೂ ಹೂ ಬಿಡುತ್ತದೆ. ಅಲೂಪ್ಕಾಗೆ ಹೋದ ಸಸಿಗಳಲ್ಲೂ ಬಹಳಷ್ಟು ಈತನ ಕೈಯವೇ. ಏಪ್ರಿಲ್‌ನಲ್ಲಿ ಟ್ಯುಲಿಪ್, ಜೂನ್‌ನಲ್ಲಿ ಗುಲಾಬಿ, ಅಕ್ಟೋಬರ್ ಕೊನೆಗೆ ಸೇವಂತಿಗೆ, ಇದು ಅಲ್ಲಿಯ ಹೂವಿನ ಪಂಚಾಂಗ.

ಮಸ್ಸಾಂದ್ರಾ, ಬಂಡೆ ತುದಿಯ ಕೋಟೆ, ದುಲ್‌ಬೆರ್: ಇವುಗಳ ಬಗ್ಗೆ?

ಮಸ್ಸಾಂದ್ರಾ ಫ್ರೆಂಚ್ ಶೈಲಿಯದು. 1881ರಲ್ಲಿ ವೊರೊಂತ್ಸೊವ್‌ನ ಮಗನಿಗಾಗಿ ಶುರುವಾಗಿ, 1889ರಲ್ಲಿ ಝಾರ್ ಕೊಂಡು, 1902ರಲ್ಲಿ ಮುಗಿಯಿತು. ಅಷ್ಟೆಲ್ಲ ಮಾಡಿದರೂ ರಾಜಮನೆತನದವರು ಅಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ.

ಎಲ್ಲ ಕ್ಯಾಲೆಂಡರುಗಳಲ್ಲೂ ಬರುವ ‘ಹಕ್ಕಿಗೂಡು’ ಕೋಟೆ 1912ರದು. ತೈಲ ವ್ಯಾಪಾರಿ ಬ್ಯಾರನ್ ಒಬ್ಬನ ವಿಲಾಸಿ ಮನೆ, ಲಿಯೊನಿದ್ ಶೆರ್‌ವುಡ್ ನಕ್ಷೆ. ಸುಮಾರು 40 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿದೆ. 1927ರ ಭೂಕಂಪದಲ್ಲಿ ಕೆಳಗಿನ ಬಂಡೆ ಸೀಳಿತು, ಕಟ್ಟಡ ಉಳಿಯಿತು. ಚಿತ್ರ ಚೆನ್ನ, ಒಳಗೆ ನೋಡುವುದು ಕಡಿಮೆ. ಅದಕ್ಕೆ ಇರುವ ಪ್ರಚಾರದ ಕಾಲುಭಾಗ ಅಲೂಪ್ಕಾ ತೋಟಕ್ಕೆ ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ದುಲ್‌ಬೆರ್ ಬಿಳಿ ಗುಮ್ಮಟ, ನೀಲಿ ಕುಸುರಿಯ ಅರಮನೆ. ಅದೂ ಕ್ರಾಸ್ನೋವ್ ಕೆಲಸ, 1897ರಲ್ಲಿ ಮುಗಿದದ್ದು. ಅದರ ಎತ್ತರದ ಗೋಡೆಗಳೇ ಝಾರ್ ಮನೆತನವಾದ ರೊಮಾನೊವ್ ಕುಟುಂಬದ ಹಲವರ ಜೀವ ಉಳಿಸಿದವು. 1918ರಲ್ಲಿ ಅವರನ್ನು ಅಲ್ಲಿ ಸೆರೆಯಲ್ಲಿಟ್ಟಿದ್ದರು. ಯಾಲ್ಟಾದ ಕ್ರಾಂತಿಕಾರಿ ಗುಂಪು ಅವರನ್ನು ಕೊಲ್ಲಲು ತವಕಿಸುತ್ತಿತ್ತು. ಸೆವಾಸ್ತೊಪೊಲ್‌ನಿಂದ ಬಂದಿದ್ದ ಕಾವಲಿನ ಮುಖ್ಯಸ್ಥ ಝಡೊರೊಜ್ನಿ, ತಾನೂ ಕ್ರಾಂತಿಕಾರಿಯಾಗಿದ್ದರೂ, ಕೈದಿಗಳನ್ನು ಬಿಟ್ಟುಕೊಡಲಿಲ್ಲ. 1919ರ ಏಪ್ರಿಲ್‌ನಲ್ಲಿ ನಿಕೊಲಾಸ್‌ನ ತಾಯಿ ಮರಿಯಾ ಮತ್ತು ಉಳಿದ ನೆಂಟರು ‘ಮಾರ್ಲ್‌ಬರೋ’ ಎಂಬ ಬ್ರಿಟಿಷ್ ಯುದ್ಧನೌಕೆ ಹತ್ತಿ ಹೊರಟುಹೋದರು.

ಕ್ರಾಂತಿ ಆದ ಮೇಲೆ ಅರಮನೆಗಳು ಏನಾದವು?

1920ರ ಡಿಸೆಂಬರ್‌ನಲ್ಲಿ ಲೆನಿನ್ ಸಹಿ ಹಾಕಿದ ಆದೇಶದಂತೆ ಕ್ರೈಮಿಯಾದ ಅರಮನೆಗಳನ್ನು ದುಡಿಯುವ ಜನರ ಆರೋಗ್ಯಧಾಮ ಮಾಡಬೇಕೆಂದಾಯಿತು. 1925ರಲ್ಲಿ ಲಿವಾಡಿಯಾದಲ್ಲಿ ರೈತರಿಗಾಗಿಯೇ ಒಂದು ಆರೋಗ್ಯಧಾಮ ತೆರೆಯಿತು. ಅಜ್ಜ ಜೀತದಾಳಾಗಿದ್ದ ರೈತ ಝಾರ್‌ನ ಮನೆಯಲ್ಲಿ ಹಾಸಿಗೆ ಹಾಕಿಕೊಂಡು ಕಡಲು ನೋಡುವಂತಾಯಿತು. ಸೋವಿಯತ್ ಆಡಳಿತ ಮಾಡಿದ ಅನ್ಯಾಯಗಳು ಹಲವು, ಮುಂದೆ ಹೇಳುತ್ತೇನೆ. ಈ ಒಂದು ಕೆಲಸ ಮಾತ್ರ ನನಗೆ ನ್ಯಾಯವಾಗಿ ಕಾಣುತ್ತದೆ. ಅಲೂಪ್ಕಾ 1921ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಎರಡನೇ ಮಹಾಯುದ್ಧದಲ್ಲಿ ಅಲೂಪ್ಕಾ ಹೇಗೆ ಉಳಿಯಿತು?

ಬಹುಮಟ್ಟಿಗೆ ಒಬ್ಬ ನೌಕರನಿಂದ. ಸ್ಟೆಪಾನ್ ಶ್ಚೆಕೊಲ್ದಿನ್ ಅಲ್ಲಿಯ ಸಂಗ್ರಹಾಲಯದಲ್ಲಿ ಕೆಲಸದಲ್ಲಿದ್ದವರು. 1941ರ ಕೊನೆಗೆ ಜರ್ಮನ್ನರು ಬಂದಾಗ ವಸ್ತುಗಳನ್ನು ಪೂರ್ತಿ ಸಾಗಿಸಲು ಆಗಲಿಲ್ಲ. ಅವರು ಅಲ್ಲೇ ಉಳಿದರು. ಅಧಿಕಾರಿಗಳು ಚಿತ್ರ ಕೇಳಿದರೆ, ಪೀಠೋಪಕರಣ ಕೇಳಿದರೆ ವಾದ ಮಾಡಿ, ನೆಪ ಹೇಳಿ, ಒಂದನ್ನು ಕೊಟ್ಟು ಹತ್ತನ್ನು ಉಳಿಸಿಕೊಂಡರು. ಆದರೂ ಬಹಳ ಹೋಯಿತು, ಆದರೆ ಅರಮನೆ ಬರಿದಾಗಲಿಲ್ಲ.

1944ರಲ್ಲಿ ಸೋವಿಯತ್ ಸೇನೆ ಮರಳಿತು. ಶತ್ರುವಿನ ಕೈಕೆಳಗೆ ಕೆಲಸ ಮಾಡಿದ ಎಂಬ ಆರೋಪ ಹೊರಿಸಿ ಶ್ಚೆಕೊಲ್ದಿನ್‌ಗೆ 10 ವರ್ಷದ ಶಿಬಿರ ಶಿಕ್ಷೆ ಕೊಟ್ಟರು. ಚರ್ಚಿಲ್ ಬಂದು ಅರಮನೆಯನ್ನು ಮೆಚ್ಚಿದಾಗ, ಅದನ್ನು ಉಳಿಸಿದ ಮನುಷ್ಯ ಸೆರೆಯಲ್ಲಿದ್ದ.

ಈ ತೀರದ ಮೂಲ ಜನ ಯಾರು? ಅವರ ಮಾತೇ ಬರಲಿಲ್ಲವಲ್ಲ?

ಸರಿಯಾದ ಪ್ರಶ್ನೆ. ಅಲೂಪ್ಕಾ, ಕೊರೆಯಿಜ್, ಗಾಸ್ಪ್ರಾ, ಗುರ್ಜುಫ್ ಇವೆಲ್ಲ ಅರಮನೆ ಬರುವ ಮುಂಚೆ ಕ್ರೈಮಿಯಾ ತಾತಾರರ ಹಳ್ಳಿಗಳು. ಇಳಿಜಾರಿನಲ್ಲಿ ಮೆಟ್ಟಿಲು ಹೊಲ, ದ್ರಾಕ್ಷಿ, ಅಂಜೂರ, ವಾಲ್‌ನಟ್. ಬೆಟ್ಟದ ಊಟೆ ಎಲ್ಲಿದೆ, ನೀರು ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ಗೊತ್ತಿದ್ದವರು ಅವರೇ. ಎಸ್ಟೇಟುಗಳು ಬೆಳೆದಂತೆ ಅವರ ಜಮೀನು ಕರಗಿತು.

1944ರ ಮೇ 18ರ ಬೆಳಗಿನ ಜಾವ ಸ್ಟಾಲಿನ್ ಆಜ್ಞೆಯಂತೆ ಸೈನಿಕರು ಮನೆಮನೆಯ ಬಾಗಿಲು ತಟ್ಟಿದರು. ಶತ್ರುವಿನ ಜೊತೆ ಸೇರಿದ್ದಾರೆ ಎಂಬ ಆರೋಪ ಇಡೀ ಜನಾಂಗದ ಮೇಲೆ. ಕೆಲವೇ ನಿಮಿಷ ಸಮಯ ಕೊಟ್ಟು, ಸುಮಾರು 1.9 ಲಕ್ಷ ಜನರನ್ನು ಸರಕು ರೈಲುಗಳಲ್ಲಿ ತುಂಬಿ ಹೆಚ್ಚಾಗಿ ಉಜ್ಬೆಕಿಸ್ತಾನಕ್ಕೆ ಕಳಿಸಿದರು. ದಾರಿಯಲ್ಲಿ, ನಂತರದ ವರ್ಷಗಳಲ್ಲಿ ಹಸಿವು, ರೋಗದಿಂದ ಸತ್ತವರು ಸಾವಿರಾರು. ಯಾಲ್ಟಾ ಸಮ್ಮೇಳನ ನಡೆದದ್ದು ಅದಾಗಿ ಸುಮಾರು ಒಂಬತ್ತು ತಿಂಗಳಿಗೆ, ಅದೇ ಖಾಲಿ ಹಳ್ಳಿಗಳ ನಡುವೆ. ಅವರು ದೊಡ್ಡ ಸಂಖ್ಯೆಯಲ್ಲಿ ಮರಳಲು ಸಾಧ್ಯವಾದದ್ದು 1980ರ ದಶಕದ ಕೊನೆಗೆ. ಅರಮನೆಗಳ ಚೆಲುವನ್ನು ಹೇಳುವ ಯಾರೇ ಆಗಲಿ ಇದನ್ನು ಬಿಟ್ಟು ಹೇಳಬಾರದು.

ಕರ್ನಾಟಕಕ್ಕೂ ಈ ಕಡಲತೀರಕ್ಕೂ ಏನಾದರೂ ನಂಟು ಇದೆಯಾ?

ಎರಡು ಎಳೆ ಇವೆ. ಬೀದರ್ ಕಥೆಯಲ್ಲಿ ನೀವು ಕೇಳಿರುವ ಅಫನಾಸಿ ನಿಕಿತಿನ್, 15ನೇ ಶತಮಾನದ ರಷ್ಯನ್ ವ್ಯಾಪಾರಿ, ಬಹಮನಿ ಸುಲ್ತಾನರ ರಾಜಧಾನಿಯನ್ನು ನೋಡಿ ಬರೆದಿಟ್ಟವನು. ಊರಿಗೆ ಮರಳುವಾಗ ಕಪ್ಪು ಸಮುದ್ರ ದಾಟಿ ಕ್ರೈಮಿಯಾದ ಬಾಲಾಕ್ಲಾವಾ, ಗುರ್ಜುಫ್ ಮುಟ್ಟಿ, ಕಾಫಾ ಬಂದರಿಗೆ ಹೋದ. ಅಂದರೆ ಒಂದು ಅರಮನೆಯೂ ಇಲ್ಲದ ಕಾಲದಲ್ಲಿ, ಬೀದರ್‌ನ ನೆನಪು ತಲೆಯಲ್ಲಿ ತುಂಬಿಕೊಂಡ ಒಬ್ಬ ಮನುಷ್ಯ ಈ ಬೆಟ್ಟಗಳ ಕೆಳಗೆ ಹಡಗು ನಿಲ್ಲಿಸಿದ್ದ. ಮನೆ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ.

ಎರಡನೆಯದು ಚರ್ಚಿಲ್. 1896ರಿಂದ ಕೆಲ ವರ್ಷ ಬೆಂಗಳೂರು ದಂಡಿನಲ್ಲಿ ಯುವ ಸೇನಾಧಿಕಾರಿ. ಅಲ್ಲಿಯ ಬಂಗಲೆಯಲ್ಲಿ ಗುಲಾಬಿ ಬೆಳೆಸಿ, ಚಿಟ್ಟೆ ಹಿಡಿದು ಕಾಲ ಕಳೆದವರು, ಅರ್ಧ ಶತಮಾನದ ನಂತರ ಅಲೂಪ್ಕಾದ ಸಿಂಹಗಳ ನಡುವೆ ಓಡಾಡಿದರು. ಇನ್ನು ಈಚೆಗೆ, ಸಿಂಫೆರೊಪೊಲ್‌ನ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಭಾರತೀಯ ವಿದ್ಯಾರ್ಥಿಗಳು ಬಹಳ ಜನ ಇದ್ದಾರೆ. ನಿಮ್ಮ ಪರಿಚಯದ ಡಾಕ್ಟರ್ ಯಾರಾದರೂ ಅಲ್ಲಿ ಓದಿದ್ದರೆ, ಸಿಂಫೆರೊಪೊಲ್‌ನಿಂದ ಯಾಲ್ಟಾಗೆ ಹೋಗುವ ಟ್ರಾಲಿಬಸ್ ಬಗ್ಗೆ ಕೇಳಿ. 86 ಕಿಲೋಮೀಟರ್, ಪ್ರಪಂಚದಲ್ಲೇ ಅತಿ ಉದ್ದದ ಟ್ರಾಲಿಬಸ್ ಮಾರ್ಗ. ಬೆಟ್ಟದ ಕಣಿವೆ ದಾಟಿ ಮೊದಲ ಸಲ ಕಡಲು ಕಾಣುವ ತಿರುವನ್ನು ಅವರು ಖಂಡಿತ ಹೇಳುತ್ತಾರೆ.

ಹೋಗಲಾಗದಿದ್ದರೆ, ಇಂಥದ್ದೇ ಬೇರೆ ಎಲ್ಲಿ ನೋಡಬಹುದು?

ನನ್ನ ಆಯ್ಕೆ ಬಲ್ಗೇರಿಯಾದ ಬಾಲ್ಚಿಕ್. ಅದೇ ಕಪ್ಪು ಸಮುದ್ರ, ಆಚೆ ದಂಡೆ. ರೊಮೇನಿಯಾದ ರಾಣಿ ಮೇರಿ 1920ರ ದಶಕದಲ್ಲಿ ಅಲ್ಲಿ ಬೇಸಿಗೆ ಮನೆ ಕಟ್ಟಿಸಿದಳು. ಆಗ ಆ ಊರು ರೊಮೇನಿಯಾದಲ್ಲಿತ್ತು. ಆಕೆಯ ತಾಯಿ ರಷ್ಯಾದ ಎರಡನೇ ಅಲೆಕ್ಸಾಂಡರ್‌ನ ಮಗಳು, ಅಂದರೆ ಲಿವಾಡಿಯಾ ಯಾರಿಗಾಗಿ ಕೊಂಡರೋ ಆ ಮರಿಯಾ ಈಕೆಯ ಅಜ್ಜಿ. ಮನೆ ಚಿಕ್ಕದು, ಮೇಲೊಂದು ಮಿನಾರು. ಇಳಿಜಾರಿನ ತೋಟ ಮಾತ್ರ ದೊಡ್ಡದು. ಮೆಟ್ಟಿಲು ಮೆಟ್ಟಿಲಾಗಿ ಕಡಲಿಗೆ ಇಳಿಯುತ್ತದೆ, ಪಾಪಾಸುಕಳ್ಳಿಗಳ ಸಂಗ್ರಹ ಹೆಸರುವಾಸಿ.

ಹೋಗುವವರು ವಾರ್ನಾ ತನಕ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಲ್ಚಿಕ್‌ಗೆ ಬಸ್ ಹಿಡಿಯಬಹುದು. 2025ರ ಜನವರಿಯಿಂದ ಬಲ್ಗೇರಿಯಾ ಪೂರ್ತಿಯಾಗಿ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಕೂಟ) ಒಳಗಿದೆ, ಆ ವೀಸಾ ಸಾಕು. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಏರುಪೇರಿನ ಕಲ್ಲುದಾರಿ, ಹಾಗಾಗಿ ಹಿಡಿತವಿರುವ ಶೂ ಹಾಕಿಕೊಂಡು ಹೋಗಿ. ಮನೆಯನ್ನು ಬೇಗ ನೋಡಿ ಮುಗಿಸಿ, ತೋಟಕ್ಕೆ ಅರ್ಧ ದಿನ ಕೊಡಿ.